ತೀರ್ಪಿಗೆ ಮೊದಲು ಸಾಕ್ಷ್ಯ: ಶೀತಲ ಸಮರವನ್ನು ಶಾಲೆಯಲ್ಲಿ ಕಲಿಸುವ ಬಗೆ

1988ರ ಬೇಸಿಗೆಯಲ್ಲಿ ಸೋವಿಯತ್ ಒಕ್ಕೂಟದ ಸರ್ಕಾರ ಶಾಲಾ ಮಕ್ಕಳ ಇತಿಹಾಸದ ಅಂತಿಮ ಪರೀಕ್ಷೆಯನ್ನೇ ರದ್ದು ಮಾಡಿತು. ಪ್ರಶ್ನೆಪತ್ರಿಕೆ ಬಯಲಾಗಿರಲಿಲ್ಲ, ಶಿಕ್ಷಕರು ಮುಷ್ಕರ ಹೂಡಿರಲಿಲ್ಲ. ಮಕ್ಕಳು ವರ್ಷವಿಡೀ ಓದಿದ್ದ ಪಠ್ಯಪುಸ್ತಕವೇ ನಂಬಲು ಯೋಗ್ಯವಲ್ಲ ಎಂದು ಒಪ್ಪಿಕೊಳ್ಳದೆ ಸರ್ಕಾರಕ್ಕೆ ಬೇರೆ ದಾರಿ ಉಳಿದಿರಲಿಲ್ಲ. ಗೊರ್ಬಚೆವ್ ತಂದ ಮುಕ್ತತೆಯ ನೀತಿಯಿಂದಾಗಿ ಸ್ಟಾಲಿನ್ ಕಾಲದ ಬಂಧನಗಳು, ಮರಣದಂಡನೆಗಳು, ಬಲವಂತದ ದುಡಿಮೆಯ ಶಿಬಿರಗಳ ವಿವರಗಳು ಪತ್ರಿಕೆಗಳಲ್ಲಿ ಒಂದರ ಹಿಂದೊಂದು ಪ್ರಕಟವಾಗುತ್ತಿದ್ದವು. ಮನೆಗೆ ಬರುವ ಪತ್ರಿಕೆ ಹೇಳುವುದೊಂದು, ಚೀಲದಲ್ಲಿರುವ ಪುಸ್ತಕ ಹೇಳುವುದೊಂದು. ಇಂಥ ಹೊತ್ತಿನಲ್ಲಿ ಯಾವ ಉತ್ತರವನ್ನು ಸರಿಯೆಂದು ಗುರುತುಹಾಕಿ ಅಂಕ ಕೊಡುವುದು? ಸರ್ಕಾರಿ ಪತ್ರಿಕೆಯಾದ ‘ಇಜ್ವೆಸ್ತಿಯಾ’ ಕೂಡ ಈ ನಿರ್ಧಾರವನ್ನು ಸಮರ್ಥಿಸಿತು. ಎಪ್ಪತ್ತು ವರ್ಷಗಳ ಕಾಲ ತನ್ನ ಸಿದ್ಧಾಂತವನ್ನು ವಿಜ್ಞಾನವೆಂದೇ ಮಕ್ಕಳಿಗೆ ಕಲಿಸಿದ್ದ ದೇಶ, ಅದೇ ಮಕ್ಕಳ ಮುಂದೆ ಒಂದು ಪ್ರಶ್ನೆಪತ್ರಿಕೆಯನ್ನೂ ಇಡಲಾರದ ಸ್ಥಿತಿಗೆ ಬಂದಿತ್ತು.

ಎದುರು ಪಾಳೆಯದಲ್ಲೂ ಇತಿಹಾಸದ ತರಗತಿ ರಾಜಕೀಯದಿಂದ ದೂರ ಉಳಿದಿರಲಿಲ್ಲ. ಅಮೆರಿಕದ ಫ್ಲಾರಿಡಾ ರಾಜ್ಯ 1961ರಲ್ಲಿ ಒಂದು ಕಾನೂನು ಮಾಡಿ, ಎಲ್ಲ ಸಾರ್ವಜನಿಕ ಪ್ರೌಢಶಾಲೆಗಳಲ್ಲಿ ‘ಅಮೆರಿಕನಿಸಂ ವರ್ಸಸ್ ಕಮ್ಯುನಿಸಂ’ ಎಂಬ ಪಾಠವನ್ನು ಕಡ್ಡಾಯಗೊಳಿಸಿತು. ಕನಿಷ್ಠ 30 ಗಂಟೆಗಳ ಬೋಧನೆ ಆಗಬೇಕಿತ್ತು. ಕಮ್ಯುನಿಸಂ ಅಮೆರಿಕದ ವ್ಯವಸ್ಥೆಗಿಂತ ಮೇಲು ಎಂದು ಯಾವ ಶಿಕ್ಷಕರೂ ಹೇಳಕೂಡದು, ಯಾವ ಪಠ್ಯವೂ ಬರೆಯಕೂಡದು ಎಂದು ಕಾನೂನೇ ವಿಧಿಸಿತ್ತು. ಪಾಠ ಶುರುವಾಗುವ ಮೊದಲೇ ಅದರ ಕೊನೆಯ ಸಾಲು ಶಾಸನಸಭೆಯಲ್ಲಿ ನಿರ್ಧಾರವಾಗಿತ್ತು. 1991ರಲ್ಲಿ, ಸೋವಿಯತ್ ಒಕ್ಕೂಟ ಒಡೆದುಹೋದ ವರ್ಷವೇ, ಆ ಕಾನೂನು ರದ್ದಾಯಿತು. ಎರಡು ದೇಶಗಳ ಆಡಳಿತಕ್ಕೂ ಸಮಾಜಕ್ಕೂ ಅಜಗಜಾಂತರವಿತ್ತು, ನಿಜ. ಫ್ಲಾರಿಡಾದ ಶಿಕ್ಷಕ ಕಾನೂನನ್ನು ಬಹಿರಂಗವಾಗಿ ಟೀಕಿಸಬಹುದಿತ್ತು, ಮಾಸ್ಕೋದ ಶಿಕ್ಷಕನಿಗೆ ಆ ಅವಕಾಶವಿರಲಿಲ್ಲ. ಆದರೂ ತರಗತಿಯನ್ನು ಕುರಿತ ಒಂದು ನಂಬಿಕೆ ಎರಡೂ ಕಡೆ ಸಮಾನವಾಗಿತ್ತು: ಮಕ್ಕಳಿಗೆ ತೀರ್ಪನ್ನು ಮೊದಲು ಕೊಡಬೇಕು, ಸಾಕ್ಷ್ಯವನ್ನು ಆಮೇಲೆ ಅದಕ್ಕೆ ತಕ್ಕಂತೆ ಜೋಡಿಸಬೇಕು. ಈ ನಂಬಿಕೆ ತಪ್ಪು ಎಂಬುದೇ ನನ್ನ ವಾದ. ಮಹಾಶಕ್ತಿಗಳ ಸೈದ್ಧಾಂತಿಕ ಪೈಪೋಟಿಯನ್ನು ಪ್ರೌಢಶಾಲೆಯಲ್ಲಿ ಕಲಿಸುವ ಸರಿಯಾದ ದಾರಿ ಎಂದರೆ, ಎರಡೂ ಕಡೆಯವರ ಮಾತನ್ನು ಅವರ ದಾಖಲೆಗಳಲ್ಲೇ ಓದಿಸುವುದು, ಆ ಮಾತನ್ನು ಅವರವರ ಕೃತಿಯೊಂದಿಗೆ ಒರೆಗೆ ಹಚ್ಚಲು ಕಲಿಸುವುದು, ತೀರ್ಪನ್ನು ವಿದ್ಯಾರ್ಥಿಯ ದುಡಿಮೆಗೆ ಬಿಡುವುದು.

ಮೊದಲು ಆ ಪೈಪೋಟಿಯ ಸ್ವರೂಪವನ್ನು ನೋಡೋಣ. ಸಾಮ್ರಾಜ್ಯಗಳ ನಡುವಿನ ಜಗಳ ಜಗತ್ತಿಗೆ ಹೊಸದಲ್ಲ. ನೆಲ, ಬಂದರು, ವ್ಯಾಪಾರಕ್ಕಾಗಿ ರಾಜ್ಯಗಳು ಕಾದಾಡುತ್ತಲೇ ಬಂದಿವೆ. 1945ರ ನಂತರದ ಜಗಳದಲ್ಲಿ ಅದೆಲ್ಲ ಇದ್ದೇ ಇತ್ತು. ಅದರ ಜೊತೆಗೆ ಎರಡೂ ದೇಶಗಳು ಇಡೀ ಮನುಕುಲಕ್ಕೆ ಒಂದೊಂದು ಭರವಸೆ ಕೊಟ್ಟವು. ವ್ಯಕ್ತಿಗೆ ಸ್ವಾತಂತ್ರ್ಯ, ಆಸ್ತಿಯ ಹಕ್ಕು, ಮುಕ್ತ ಚುನಾವಣೆ, ಮುಕ್ತ ಮಾರುಕಟ್ಟೆ ಇದ್ದರೆ ಯಾವ ದೇಶವಾದರೂ ಏಳಿಗೆ ಕಾಣುತ್ತದೆ ಎಂದು ಅಮೆರಿಕ ಹೇಳಿತು. ಉತ್ಪಾದನೆಯ ಸಾಧನಗಳು ಸಮಾಜದ ಕೈಗೆ ಬಂದು ಶೋಷಣೆ ಕೊನೆಗೊಂಡರೆ ಮಾತ್ರ ಸ್ವಾತಂತ್ರ್ಯಕ್ಕೆ ಅರ್ಥ ಎಂದು ಸೋವಿಯತ್ ಒಕ್ಕೂಟ ಹೇಳಿತು. 1947ರ ಮಾರ್ಚ್ 12ರಂದು ಅಧ್ಯಕ್ಷ ಟ್ರೂಮನ್ ಅಮೆರಿಕದ ಸಂಸತ್ತಿನಲ್ಲಿ ಮಾತನಾಡುತ್ತ, ಪ್ರತಿ ರಾಷ್ಟ್ರವೂ ಎರಡು ಜೀವನಕ್ರಮಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗಿದೆ ಎಂಬ ಚಿತ್ರ ಕೊಟ್ಟರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪೋಲೆಂಡಿನಲ್ಲಿ ಕಮ್ಯುನಿಸ್ಟ್ ಪಕ್ಷಗಳ ಸಭೆಯಲ್ಲಿ ಸೋವಿಯತ್ ನಾಯಕ ಜ್ದಾನೊವ್ ಜಗತ್ತು ಎರಡು ಶಿಬಿರಗಳಾಗಿ ಒಡೆದಿದೆ ಎಂದರು, ಒಂದನ್ನು ಸಾಮ್ರಾಜ್ಯಶಾಹಿ ಎಂದೂ ಇನ್ನೊಂದನ್ನು ಪ್ರಜಾಸತ್ತಾತ್ಮಕ ಎಂದೂ ಕರೆದರು. ಆರೇ ತಿಂಗಳ ಅಂತರದಲ್ಲಿ ಇಬ್ಬರೂ ಭೂಪಟವನ್ನು ಎರಡಾಗಿ ಸೀಳಿದರು, ಇಬ್ಬರೂ ತಮ್ಮ ಪಾಲಿಗೆ ಬಂದದ್ದನ್ನು ಜನರ ಬಿಡುಗಡೆಯ ಪಕ್ಷವೆಂದು ಕರೆದುಕೊಂಡರು. ಇತಿಹಾಸಕಾರ ಆಡ್ ಆರ್ನೆ ವೆಸ್ಟಡ್ ತೋರಿಸಿಕೊಟ್ಟಿರುವಂತೆ, ಒಂದು ಸ್ವಾತಂತ್ರ್ಯದ ಹೆಸರಿನಲ್ಲಿ, ಇನ್ನೊಂದು ನ್ಯಾಯದ ಹೆಸರಿನಲ್ಲಿ ತನ್ನ ಮಾದರಿಯನ್ನು ಲೋಕಕ್ಕೆ ಹಂಚಲು ಹೊರಟಿತ್ತು. ಆಗತಾನೆ ವಸಾಹತು ಆಳ್ವಿಕೆಯಿಂದ ಹೊರಬಂದ ಏಷ್ಯಾ, ಆಫ್ರಿಕಾದ ದೇಶಗಳಿಗೆ ಈ ಎರಡು ಭರವಸೆಗಳೂ ಜೀವಂತ ಆಯ್ಕೆಗಳಾಗಿದ್ದವು.

ನಮ್ಮ ತರಗತಿಗಳಲ್ಲಿ ಈ ಜೀವಂತಿಕೆ ಉಳಿದಿಲ್ಲ. ಎಸ್ಸೆಸ್ಸೆಲ್ಸಿಯ ಸಮಾಜ ವಿಜ್ಞಾನದಲ್ಲಿ ಶೀತಲ ಸಮರ ಬರುತ್ತದೆ, ಆದರೆ ಎರಡು ಮಹಾಯುದ್ಧಗಳ ಬಾಲವಾಗಿ ಬಂದು ಬೇಗ ಮುಗಿದುಹೋಗುತ್ತದೆ. ಕೇಂದ್ರೀಯ ಪಠ್ಯಕ್ರಮದಲ್ಲಂತೂ 2022ರಲ್ಲಿ ಪಠ್ಯಭಾರ ಇಳಿಸುವ ಕ್ರಮದ ಭಾಗವಾಗಿ ಎನ್‌ಸಿಇಆರ್‌ಟಿ ಹನ್ನೆರಡನೆಯ ತರಗತಿಯ ರಾಜ್ಯಶಾಸ್ತ್ರದಿಂದ ಶೀತಲ ಸಮರದ ಅಧ್ಯಾಯವನ್ನೇ ಕೈಬಿಟ್ಟಿತು. ಪಾಠ ಉಳಿದಿರುವ ಕಡೆಯಲ್ಲೂ ಅದು ಸಾಮಾನ್ಯವಾಗಿ ಕಪ್ಪುಹಲಗೆಯ ಮೇಲಿನ ಒಂದು ಕೋಷ್ಟಕವಾಗಿಬಿಡುತ್ತದೆ. ಎಡಕ್ಕೆ ಬಂಡವಾಳಶಾಹಿ, ಬಲಕ್ಕೆ ಸಮತಾವಾದ, ಎಡಕ್ಕೆ ನ್ಯಾಟೊ, ಬಲಕ್ಕೆ ವಾರ್ಸಾ ಒಪ್ಪಂದ, ಕೆಳಗೆ ಬರ್ಲಿನ್, ಕೊರಿಯಾ, ಕ್ಯೂಬಾ, ವಿಯೆಟ್ನಾಂ, ಕೊನೆಯಲ್ಲಿ 1991. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಯೋಚಿಸುವ ಹುಡುಗಿಯೊಬ್ಬಳಿಗೆ ಸಹಜವಾಗಿ ಹುಟ್ಟುವ ಪ್ರಶ್ನೆಗಳಿಗೆ ಇದರಲ್ಲಿ ಉತ್ತರ ಸಿಗುವುದಿಲ್ಲ. ಹಿಟ್ಲರನ ವಿರುದ್ಧ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದವರು ಒಂದೇ ವರ್ಷದಲ್ಲಿ ಯಾಕೆ ಮುಖ ತಿರುಗಿಸಿದರು? ಕೋಟ್ಯಂತರ ಜನ, ಅದರಲ್ಲೂ ಓದಿಕೊಂಡವರು, ಎರಡರಲ್ಲೊಂದನ್ನು ಮನಸಾರೆ ನಂಬಿದ್ದೇಕೆ? ಕೊನೆ ಗೊತ್ತಿರುವ ನಮಗೆ ಸೋತವರ ಮಾತು ಮೂರ್ಖತನವಾಗಿಯೂ ಗೆದ್ದವರ ಮಾತು ಸಹಜ ಸತ್ಯವಾಗಿಯೂ ಕಾಣುತ್ತದೆ. ಆ ಕಾಲದಲ್ಲಿ ಬದುಕಿದವರಿಗೆ ಕೊನೆ ಗೊತ್ತಿರಲಿಲ್ಲ. ಅವರ ಎದುರಿಗಿದ್ದ ಅನಿಶ್ಚಿತತೆಯನ್ನು ವಿದ್ಯಾರ್ಥಿಯ ಎದುರಿಗೂ ತಂದಿಡದಿದ್ದರೆ ಅವರು ಯಾಕೆ ಹಾಗೆ ನಡೆದುಕೊಂಡರು ಎಂಬುದು ತಿಳಿಯುವ ಬಗೆಯಿಲ್ಲ.

ಹಾಗೆ ತಂದಿಡುವುದಕ್ಕೆ 1946ರ ಎರಡು ತಂತಿಗಳಿಗಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಆ ವರ್ಷ ಫೆಬ್ರವರಿ 22ರಂದು ಮಾಸ್ಕೋದ ಅಮೆರಿಕನ್ ರಾಯಭಾರ ಕಚೇರಿಯಿಂದ ಜಾರ್ಜ್ ಕೆನನ್ ವಾಷಿಂಗ್ಟನ್ನಿಗೆ ಐದು ಸಾವಿರ ಪದಗಳನ್ನೂ ಮೀರಿದ ವರದಿಯೊಂದನ್ನು ತಂತಿಯಲ್ಲಿ ಕಳಿಸಿದರು. ಸೋವಿಯತ್ ನಾಯಕರ ನಡೆಯ ಬುಡದಲ್ಲಿರುವುದು ರಷ್ಯಾದ ಹಳೆಯ ಅಭದ್ರತೆ, ಮಾರ್ಕ್ಸ್‌ವಾದ ಅದಕ್ಕೆ ಹೊಸ ಹೊದಿಕೆ ಕೊಟ್ಟಿದೆ, ಅವರು ತರ್ಕಕ್ಕೆ ಬಗ್ಗುವವರಲ್ಲ, ಬಲದ ಭಾಷೆ ಅವರಿಗೆ ಚೆನ್ನಾಗಿ ಗೊತ್ತು ಎಂಬುದು ಕೆನನ್ ವಾದದ ತಿರುಳು. ಕಮ್ಯುನಿಸಂ ಹರಡದಂತೆ ತಡೆದು ನಿಲ್ಲಿಸುವ ಅಮೆರಿಕದ ನೀತಿಗೆ ಇದೇ ಬೌದ್ಧಿಕ ತಳಹದಿಯಾಯಿತು. ಅದೇ ವರ್ಷ ಸೆಪ್ಟೆಂಬರ್ 27ರಂದು ವಾಷಿಂಗ್ಟನ್ನಿನಲ್ಲಿದ್ದ ಸೋವಿಯತ್ ರಾಯಭಾರಿ ನಿಕೊಲಾಯ್ ನೊವಿಕೊವ್ ಮಾಸ್ಕೋಗೆ ತಮ್ಮ ವರದಿ ಕಳಿಸಿದರು. ಅಮೆರಿಕದ ಏಕಸ್ವಾಮ್ಯ ಬಂಡವಾಳ ಜಗತ್ತಿನ ಮೇಲೆ ಯಜಮಾನಿಕೆ ಸ್ಥಾಪಿಸಲು ಹೊರಟಿದೆ, ಯುದ್ಧ ಮುಗಿದರೂ ಅದರ ಸೇನಾ ವೆಚ್ಚ ಯುದ್ಧಪೂರ್ವದ ಮಟ್ಟಕ್ಕೆ ಇಳಿದಿಲ್ಲ, ತನ್ನ ಗಡಿಯಿಂದ ಸಾವಿರಾರು ಮೈಲಿ ದೂರದಲ್ಲಿ ನೆಲೆಗಳನ್ನು ಕಟ್ಟುತ್ತಿದೆ ಎಂದು ಅವರು ಲೆಕ್ಕ ಕೊಟ್ಟರು. ಕೆನನ್ ತಂತಿಯ ವಾದ 1947ರಲ್ಲೇ ಲೇಖನವಾಗಿ ಹೊರಬಂತು. ನೊವಿಕೊವ್ ವರದಿ ಸೋವಿಯತ್ ಕಡತಗಳಲ್ಲೇ ಉಳಿದು 1990ರಲ್ಲಿ ಬೆಳಕು ಕಂಡಿತು.

ಇವೆರಡನ್ನೂ ಅಕ್ಕಪಕ್ಕ ಇಟ್ಟು ಓದಿದ ವಿದ್ಯಾರ್ಥಿ ಮೊದಲು ಗಮನಿಸುವುದು ಅವುಗಳ ಹೋಲಿಕೆಯನ್ನು. ಎರಡರಲ್ಲೂ ತನ್ನ ದೇಶ ಆತ್ಮರಕ್ಷಣೆಗಷ್ಟೇ ಕೈ ಎತ್ತಿದೆ, ಎದುರಾಳಿಯ ಸ್ವಭಾವದಲ್ಲೇ ವಿಸ್ತರಣೆಯ ಹಸಿವಿದೆ. ಆಮೇಲೆ ಕಣ್ಣಿಗೆ ಬೀಳುವುದು ವ್ಯತ್ಯಾಸ. ಕೆನನ್ ಎದುರಾಳಿಯ ಮನಸ್ಸನ್ನೂ ಚರಿತ್ರೆಯನ್ನೂ ಬಗೆದು ನೋಡುತ್ತಾರೆ, ತಮ್ಮ ವರದಿಯ ಕೊನೆಯಲ್ಲಿ ಅಮೆರಿಕನ್ನರು ತಮ್ಮದೇ ಸಮಾಜದ ಆರೋಗ್ಯವನ್ನು ಕಾಪಾಡಿಕೊಳ್ಳಬೇಕು ಎಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ನೊವಿಕೊವ್ ಬಜೆಟ್ಟು, ನೆಲೆ, ನೌಕಾಪಡೆಯ ಕಡೆ ಬೆರಳು ತೋರುತ್ತಾರೆ, ಅಮೆರಿಕದ ಒಳಗೆ ಭಿನ್ನ ಅಭಿಪ್ರಾಯಗಳಿಗಿದ್ದ ಬಲವನ್ನು ಅಳೆಯುವುದರಲ್ಲಿ ಎಡವುತ್ತಾರೆ. ಮೂರನೆಯ ಹೆಜ್ಜೆ ಇನ್ನೂ ಮುಖ್ಯ: ಇದನ್ನು ಬರೆದವರು ಯಾರು, ಯಾರು ಓದಲೆಂದು ಬರೆದರು? ವಿದೇಶಾಂಗ ಸಚಿವ ಮೊಲೊಟೊವ್ ಅವರ ಸೂಚನೆಯಂತೆಯೇ ತಮ್ಮ ವರದಿ ರೂಪುಗೊಂಡಿತು ಎಂದು ನೊವಿಕೊವ್ ನಂತರ ಹೇಳಿಕೊಂಡರು. ಹಾಗಿದ್ದರೆ ಅದನ್ನು ಅಮೆರಿಕದ ಬಗ್ಗೆ ಸಾಕ್ಷ್ಯವಾಗಿ ಎಷ್ಟು ನಂಬಬೇಕು, ಮಾಸ್ಕೋದ ಮನಃಸ್ಥಿತಿಯ ಬಗ್ಗೆ ಸಾಕ್ಷ್ಯವಾಗಿ ಎಷ್ಟು ನಂಬಬೇಕು? ಈ ಪ್ರಶ್ನೆ ಕೇಳಲು ಕಲಿತ ಹದಿನೈದು ವರ್ಷದ ಹುಡುಗ ಇತಿಹಾಸದ ವಿದ್ಯೆಯ ಕೇಂದ್ರಕ್ಕೇ ಬಂದಿದ್ದಾನೆ. ಇಪ್ಪತ್ತು ಇಸವಿಗಳನ್ನು ಬಾಯಿಪಾಠ ಮಾಡಿದರೂ ಈ ಜಾಗಕ್ಕೆ ಬರಲಾಗುವುದಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಸಿದ್ಧಾಂತಗಳೆಲ್ಲ ಮುಖವಾಡ, ಒಳಗಿದ್ದದ್ದು ಎಣ್ಣೆ, ನೆಲ, ಆಯುಧದ ಲೆಕ್ಕಾಚಾರ. ಮಕ್ಕಳಿಗೆ ಭಾಷಣಗಳನ್ನು ಓದಿಸಿ ಏನು ಪ್ರಯೋಜನ ಎಂದು ಕೇಳುವವರಿದ್ದಾರೆ. ಅವರ ಕೈಯಲ್ಲಿ ಪುರಾವೆಗೇನೂ ಕೊರತೆಯಿಲ್ಲ. ಸ್ವಾತಂತ್ರ್ಯದ ಮಾತಾಡಿದ ಅಮೆರಿಕ 1953ರಲ್ಲಿ ಇರಾನಿನ ಪ್ರಧಾನಿ ಮೊಸಾದೆಗ್ ಅವರನ್ನೂ 1954ರಲ್ಲಿ ಗ್ವಾಟೆಮಾಲಾದ ಚುನಾಯಿತ ಅಧ್ಯಕ್ಷ ಆರ್ಬೆನ್ಸ್ ಅವರನ್ನೂ ಗುಪ್ತಚರ ಸಂಸ್ಥೆಯ ಮೂಲಕ ಕೆಳಗಿಳಿಸಿತು. ಕಾರ್ಮಿಕರ ರಾಜ್ಯವೆಂದು ಹೇಳಿಕೊಂಡ ಸೋವಿಯತ್ ಒಕ್ಕೂಟ 1956ರಲ್ಲಿ ಬುಡಾಪೆಸ್ಟಿನ ಕಾರ್ಮಿಕರ ಮೇಲೆಯೇ ಟ್ಯಾಂಕ್ ಹರಿಸಿತು. ಆದರೆ ಮಾತು ಬರೀ ಮುಖವಾಡವಾಗಿದ್ದರೆ ವಿವರಿಸಲಾಗದ ಸಂಗತಿಗಳೂ ಇವೆ. ಅಮೆರಿಕದ ಶಾಲೆಗಳಲ್ಲಿ ಕರಿಯ ಮಕ್ಕಳನ್ನು ಬೇರೆ ಕೂರಿಸುತ್ತಿದ್ದ ಪದ್ಧತಿಯ ವಿರುದ್ಧ ಬ್ರೌನ್ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಬಂದಾಗ, ಅಲ್ಲಿನ ನ್ಯಾಯ ಇಲಾಖೆ 1952ರ ಡಿಸೆಂಬರಿನಲ್ಲಿ ಒಂದು ಹೇಳಿಕೆ ಸಲ್ಲಿಸಿತು. ವರ್ಣಭೇದ ಕಮ್ಯುನಿಸ್ಟ್ ಪ್ರಚಾರಕ್ಕೆ ಆಹಾರವಾಗುತ್ತಿದೆ, ಸ್ವಾತಂತ್ರ್ಯದ ಪಕ್ಷದಲ್ಲಿದ್ದೇವೆ ಎಂಬ ನಮ್ಮ ಮಾತನ್ನು ಲೋಕ ನಂಬದಂತಾಗಿದೆ ಎಂದು ಅದರಲ್ಲಿ ಬರೆದಿತ್ತು. 1954ರ ಮೇ 17ರಂದು ಆ ಪದ್ಧತಿಯನ್ನು ಅಸಾಂವಿಧಾನಿಕವೆಂದು ಸಾರುವ ತೀರ್ಪು ಬಂದಾಗ ‘ವಾಯ್ಸ್ ಆಫ್ ಅಮೆರಿಕ’ ರೇಡಿಯೊ ಅದನ್ನು ಹಲವು ಭಾಷೆಗಳಲ್ಲಿ ಜಗತ್ತಿಗೆ ಬಿತ್ತರಿಸಿತು. ತೀರ್ಪಿನ ಹಿಂದೆ ಕರಿಯ ಸಮುದಾಯದ ದಶಕಗಳ ಹೋರಾಟವಿತ್ತು. ಆ ಹೋರಾಟಕ್ಕೆ ಸರ್ಕಾರವೂ ದನಿಗೂಡಿಸುವಂತೆ ಮಾಡಿದ್ದರಲ್ಲಿ ಸೈದ್ಧಾಂತಿಕ ಪೈಪೋಟಿಯ ಪಾಲಿದೆ.

ಸೋವಿಯತ್ ಕಡೆಯಲ್ಲೂ ಇದೇ ನಡೆಯಿತು. 1975ರ ಆಗಸ್ಟ್ 1ರಂದು ಹೆಲ್ಸಿಂಕಿಯಲ್ಲಿ 35 ದೇಶಗಳು ಒಂದು ದಾಖಲೆಗೆ ಸಹಿ ಹಾಕಿದವು. ಎರಡನೆಯ ಮಹಾಯುದ್ಧದ ನಂತರದ ಗಡಿಗಳಿಗೆ ಮಾನ್ಯತೆ ಸಿಗಲಿ ಎಂಬುದು ಸೋವಿಯತ್ ನಾಯಕ ಬ್ರೆಜ್ನೆವ್ ಅವರ ಮುಖ್ಯ ಆಸೆಯಾಗಿತ್ತು. ಅದಕ್ಕಾಗಿ ದಾಖಲೆಯಲ್ಲಿದ್ದ ಮಾನವ ಹಕ್ಕುಗಳ ಭಾಗವನ್ನೂ ಅವರು ಒಪ್ಪಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಭೌತವಿಜ್ಞಾನಿ ಯೂರಿ ಓರ್ಲೊವ್ ಮಾಸ್ಕೋದಲ್ಲಿ ಒಂದು ಸಣ್ಣ ಗುಂಪು ಕಟ್ಟಿ, ಸರ್ಕಾರ ತಾನೇ ಸಹಿ ಮಾಡಿದ ಮಾತಿಗೆ ಬದ್ಧವಾಗಿದೆಯೇ ಎಂದು ದಾಖಲಿಸತೊಡಗಿದರು. ಅದಕ್ಕಾಗಿ ಜೈಲಿಗೂ ಹೋದರು. 1977ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ ‘ಚಾರ್ಟರ್ 77’ ಹುಟ್ಟಿದ್ದೂ ಹೀಗೆಯೇ: ನೀವೇ ಒಪ್ಪಿದ ಮಾತನ್ನು ನಡೆಸಿಕೊಡಿ ಎಂದು ಆಳುವವರನ್ನು ಕೇಳುವುದು. ಮಾತು ಆಡಿದವರನ್ನೇ ಕಟ್ಟಿಹಾಕುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನ ಕೊಟ್ಟ ದೊಡ್ಡ ನಿದರ್ಶನಗಳಿವು. ಆದ್ದರಿಂದಲೇ ವಿದ್ಯಾರ್ಥಿ ಆ ಮಾತುಗಳನ್ನು ಓದಬೇಕು. ಮಾತೇ ಗೊತ್ತಿಲ್ಲದವನಿಗೆ ಮಾತು ತಪ್ಪಿದ್ದು ಗೊತ್ತಾಗುವುದಿಲ್ಲ. ಎಲ್ಲವೂ ಬೂಟಾಟಿಕೆ ಎಂಬ ಸಿನಿಕತನ ಬುದ್ಧಿವಂತಿಕೆಯಂತೆ ಕಂಡರೂ, ಬ್ರೌನ್ ಪರವಾಗಿ ವಾದಿಸಿದವರ ಕೈಗೂ ಓರ್ಲೊವ್ ಕೈಗೂ ಸಿಕ್ಕ ಆಯುಧವನ್ನು ಅದು ವಿದ್ಯಾರ್ಥಿಯ ಕೈಯಿಂದ ಕಸಿದುಕೊಳ್ಳುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ತೂಕದ್ದು, ನೈತಿಕವಾದದ್ದು. ಎರಡೂ ಕಡೆಯ ಮಾತನ್ನು ಸಮನಾಗಿ ಓದಿಸಿದರೆ ಎರಡೂ ಕಡೆ ಸಮನಾಗಿಯೇ ಸರಿ ಎಂಬ ಭಾವನೆ ಮಕ್ಕಳಲ್ಲಿ ಬೇರೂರುವುದಿಲ್ಲವೇ? 1937 ಮತ್ತು 1938ರಲ್ಲೇ ಸೋವಿಯತ್ ರಹಸ್ಯ ಪೊಲೀಸರ ದಾಖಲೆಗಳ ಪ್ರಕಾರ ಸುಮಾರು 6.8 ಲಕ್ಷ ಜನರನ್ನು ಗುಂಡಿಟ್ಟು ಕೊಲ್ಲಲಾಯಿತು. ಪೂರ್ವ ಜರ್ಮನಿಯಿಂದ 1949 ಮತ್ತು 1961ರ ನಡುವೆ 25 ಲಕ್ಷಕ್ಕೂ ಹೆಚ್ಚು ಜನ ಪಶ್ಚಿಮಕ್ಕೆ ಹೊರಟುಹೋದರು, ಕೊನೆಗೆ ಸರ್ಕಾರ ಗೋಡೆ ಕಟ್ಟಿ ತನ್ನ ಪ್ರಜೆಗಳನ್ನು ಒಳಗೇ ತಡೆಯಬೇಕಾಯಿತು. ಇಂಥ ವ್ಯವಸ್ಥೆಯ ಸಮರ್ಥನೆಯನ್ನು ಮಕ್ಕಳ ಮುಂದೆ ಇಡುವುದು ಸತ್ತವರಿಗೆ ಮಾಡುವ ಅನ್ಯಾಯವಲ್ಲವೇ? ಈ ಕಳವಳ ಪ್ರಾಮಾಣಿಕವಾದದ್ದು, ಇದನ್ನು ಬದಿಗೆ ಸರಿಸಲಾಗದು. ಆದರೆ ನ್ಯಾಯಾಲಯದಲ್ಲಿ ಎರಡೂ ಕಡೆಯ ವಕೀಲರನ್ನು ಕೇಳಿಸಿಕೊಂಡ ಮಾತ್ರಕ್ಕೆ ನ್ಯಾಯಾಧೀಶರು ಇಬ್ಬರಿಗೂ ಅರ್ಧರ್ಧ ಗೆಲುವು ಕೊಡುವುದಿಲ್ಲ. ಎರಡೂ ಕಡೆ ಕೇಳಿ ಬಂದ ತೀರ್ಪಿಗೇ ಬಲ ಹೆಚ್ಚು. ನಾನು ಹೇಳುತ್ತಿರುವ ಕ್ರಮದಲ್ಲಿ ಸಮಾನವಾಗಿರುವುದು ಅಳತೆಗೋಲು, ಅಳೆದು ಬರುವ ಫಲಿತಾಂಶವಲ್ಲ. ಶೋಷಣೆಯಿಲ್ಲದ ಸಮಾಜ ಎಂಬ ಭರವಸೆಯ ಪಕ್ಕದಲ್ಲಿ ಆ 6.8 ಲಕ್ಷವನ್ನು ಇಟ್ಟಾಗಲೇ ಆ ಸಂಖ್ಯೆಯ ಭಯಂಕರತೆ ಪೂರ್ತಿಯಾಗಿ ತಟ್ಟುತ್ತದೆ. ಗ್ವಾಟೆಮಾಲಾದ ಪಕ್ಕದಲ್ಲಿ ಟ್ರೂಮನ್ ಭಾಷಣವನ್ನಿಟ್ಟಾಗಲೂ ಹೀಗೆಯೇ. ಲೆಕ್ಕ ಎರಡೂ ಕಡೆ ಒಂದೇ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ವಿದ್ಯಾರ್ಥಿ ತಾನೇ ಲೆಕ್ಕ ಹಾಕಿ ಮುಟ್ಟಿದ ತೀರ್ಮಾನ ಅವಳ ಬಳಿ ಉಳಿಯುತ್ತದೆ. ಆಜ್ಞೆಯಾಗಿ ಬಂದ ತೀರ್ಮಾನ ಆಜ್ಞೆ ಬದಲಾದ ದಿನ ಕುಸಿಯುತ್ತದೆ ಎಂಬುದಕ್ಕೆ 1988ರ ಪರೀಕ್ಷೆಯೇ ಸಾಕ್ಷಿ.

ಇದು ಬರೀ ಆದರ್ಶದ ಮಾತಲ್ಲ ಎನ್ನುವುದಕ್ಕೆ ಜರ್ಮನಿಯ ಅನುಭವವಿದೆ. ಶೀತಲ ಸಮರದ ಗಡಿ ಆ ದೇಶದ ನಡುವೆಯೇ ಹಾದುಹೋಗಿತ್ತು. ಪೂರ್ವದಲ್ಲಿ ‘ಪೌರಶಾಸ್ತ್ರ’ದ ಪಾಠದ ಮೂಲಕ ಪಕ್ಷದ ಸಿದ್ಧಾಂತವನ್ನು ಕಲಿಸುತ್ತಿದ್ದರು, 1978ರಿಂದ ಒಂಬತ್ತನೆಯ ತರಗತಿಗೆ ಸೇನಾ ಶಿಕ್ಷಣವನ್ನೂ ಕಡ್ಡಾಯ ಮಾಡಿದರು. ಪಶ್ಚಿಮದಲ್ಲಿ 1970ರ ದಶಕದಲ್ಲಿ ಶಾಲೆಯ ರಾಜಕೀಯ ಶಿಕ್ಷಣ ಯಾರ ಪಕ್ಷ ವಹಿಸಬೇಕೆಂದು ಎಡಬಲದವರ ನಡುವೆ ಬಿರುಸಿನ ಜಗಳ ನಡೆಯಿತು. ಅದಕ್ಕೆ ದಾರಿ ಹುಡುಕಲು 1976ರಲ್ಲಿ ಭಿನ್ನ ವಿಚಾರಗಳ ಶಿಕ್ಷಣತಜ್ಞರು ಸ್ಟುಟ್‌ಗಾರ್ಟ್ ಬಳಿಯ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿದರು. ಅಲ್ಲಿ ಮೂಡಿದ ಒಮ್ಮತದಲ್ಲಿ ಮೂರು ಅಂಶಗಳಿದ್ದವು. ಶಿಕ್ಷಕರು ತಮ್ಮ ಅಭಿಪ್ರಾಯವನ್ನು ವಿದ್ಯಾರ್ಥಿಯ ಮೇಲೆ ಹೇರಿ ಅವಳ ಸ್ವಂತ ವಿಚಾರಶಕ್ತಿಯನ್ನು ಅದುಮಬಾರದು. ವಿದ್ವತ್ತಿನಲ್ಲಿ, ರಾಜಕೀಯದಲ್ಲಿ ಯಾವುದು ವಿವಾದವೋ ಅದು ತರಗತಿಯಲ್ಲೂ ವಿವಾದವಾಗಿಯೇ ಬರಬೇಕು. ವಿದ್ಯಾರ್ಥಿ ತನ್ನ ಹಿತವನ್ನೂ ಸಮಾಜದ ಸ್ಥಿತಿಯನ್ನೂ ತಾನೇ ಪರಿಶೀಲಿಸುವಷ್ಟು ಸಮರ್ಥಳಾಗಬೇಕು. ಇದಕ್ಕೆ ಕಾನೂನಿನ ಬಲವಿರಲಿಲ್ಲ. ಆದರೂ ಇಂದಿಗೂ ಜರ್ಮನಿಯ ಪೌರಶಿಕ್ಷಣ ಇದನ್ನು ತನ್ನ ಅಡಿಪಾಯವೆಂದು ಎಣಿಸುತ್ತದೆ. ಎರಡನೆಯ ಅಂಶದಲ್ಲಿ ಒಂದು ಸೂಕ್ಷ್ಮವಿದೆ. ವಿವಾದವಿರುವುದನ್ನು ವಿವಾದವಾಗಿ ಕಲಿಸಬೇಕು ಎಂದರೆ, ವಿವಾದವಿಲ್ಲದ ಸತ್ಯಗಳನ್ನು ಸತ್ಯವಾಗಿಯೇ ಕಲಿಸಬೇಕು ಎಂದೂ ಅರ್ಥ. ಶೀತಲ ಸಮರ ಶುರುವಾದದ್ದು ಯಾರಿಂದ ಎಂಬುದು ವಿವಾದ, ಸ್ಟಾಲಿನ್ ಕಾಲದ ಶಿಬಿರಗಳು ಇದ್ದವೋ ಇಲ್ಲವೋ ಎಂಬುದು ವಿವಾದವಲ್ಲ.

ಯಾರಿಂದ ಶುರುವಾಯಿತೆಂಬ ಪ್ರಶ್ನೆಯ ಉತ್ತರ ಇತಿಹಾಸಕಾರರಲ್ಲೂ ಬದಲಾಗುತ್ತ ಬಂದಿದೆ. ಸ್ಟಾಲಿನ್ ವಿಸ್ತರಣೆಯೇ ಕಾರಣ ಎಂದು ಅಮೆರಿಕದ ಮೊದಲ ತಲೆಮಾರು ಬರೆಯಿತು. 1959ರಲ್ಲಿ ವಿಲಿಯಂ ಆಪಲ್‌ಮನ್ ವಿಲಿಯಮ್ಸ್ ಅಮೆರಿಕದ ಆರ್ಥಿಕ ಹಿತಾಸಕ್ತಿಯ ಕಡೆ ಗಮನ ಸೆಳೆದರು. ಸೋವಿಯತ್ ಕಡತಗಳು ತೆರೆದ ಮೇಲೆ ಜಾನ್ ಲೂಯಿಸ್ ಗ್ಯಾಡಿಸ್ 1997ರಲ್ಲಿ ಸ್ಟಾಲಿನ್ ಪಾತ್ರಕ್ಕೆ ಮತ್ತೆ ಒತ್ತು ಕೊಟ್ಟರು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ಕಥೆಯೂ ಹಾಗೆ ಬದಲಾಯಿತು. 1962ರ ಅಕ್ಟೋಬರಿನಲ್ಲಿ ಅಧ್ಯಕ್ಷ ಕೆನಡಿ ಬಗ್ಗದೆ ನಿಂತರು, ಸೋವಿಯತ್ ನಾಯಕ ಕ್ರುಶ್ಚೆವ್ ಹಿಂದೆ ಸರಿದರು ಎಂಬುದೇ ದಶಕಗಳ ಕಾಲ ಅಮೆರಿಕದ ಪಾಠವಾಗಿತ್ತು. ಆದರೆ ಟರ್ಕಿಯಲ್ಲಿದ್ದ ಅಮೆರಿಕದ ಜುಪಿಟರ್ ಕ್ಷಿಪಣಿಗಳನ್ನು ತೆಗೆಯುತ್ತೇವೆ ಎಂದು ಅಧ್ಯಕ್ಷರ ತಮ್ಮ ರಾಬರ್ಟ್ ಕೆನಡಿ ಅಕ್ಟೋಬರ್ 27ರ ರಾತ್ರಿ ಸೋವಿಯತ್ ರಾಯಭಾರಿ ದೊಬ್ರಿನಿನ್ ಅವರಿಗೆ ಗುಟ್ಟಾಗಿ ಮಾತು ಕೊಟ್ಟಿದ್ದರು. ರಾಬರ್ಟ್ ಕೆನಡಿಯ ಪುಸ್ತಕವನ್ನು ಅಚ್ಚಿಗೆ ಸಿದ್ಧಪಡಿಸುವಾಗ ಆ ಒಪ್ಪಂದದ ಸ್ಪಷ್ಟ ಉಲ್ಲೇಖವನ್ನು ತೆಗೆದುಹಾಕಿದ್ದಾಗಿ ಕೆನಡಿಯ ಆಪ್ತ ಸಲಹೆಗಾರ ಸೊರೆನ್ಸನ್ 1989ರಲ್ಲಿ ಮಾಸ್ಕೋದ ಸಮ್ಮೇಳನವೊಂದರಲ್ಲಿ ಒಪ್ಪಿಕೊಂಡರು. ಬಗ್ಗದೆ ನಿಂತರೆ ಗೆಲುವು ಎಂದು ಕಲಿತ ಪೀಳಿಗೆಗೂ, ಕೊಟ್ಟು ತೆಗೆದುಕೊಂಡದ್ದರಿಂದ ಜಗತ್ತು ಉಳಿಯಿತು ಎಂದು ಕಲಿಯುವ ಪೀಳಿಗೆಗೂ ಯುದ್ಧ ಮತ್ತು ಶಾಂತಿಯ ಬಗ್ಗೆ ಬೇರೆ ಬೇರೆ ಮನಸ್ಸು ಬೆಳೆಯುತ್ತದೆ. ಹೊಸ ಕಾಗದ ಸಿಕ್ಕಾಗ ಹಳೆಯ ತೀರ್ಮಾನ ತಿದ್ದಿಕೊಳ್ಳುವುದನ್ನು ಶಾಲೆಯಲ್ಲಿ ಕಲಿಯದಿದ್ದರೆ ಇನ್ನೆಲ್ಲಿ ಕಲಿಯುವುದು?

ಮೂರನೆಯ ಆಕ್ಷೇಪ ಶಿಕ್ಷಕರದ್ದು. ಸಮಯವಿಲ್ಲ, ಪಠ್ಯ ಮುಗಿಯಬೇಕು, ಪರೀಕ್ಷೆಯಲ್ಲಿ ಕೇಳುವುದು ಎರಡು ಅಂಕದ ಪ್ರಶ್ನೆ, ಮಕ್ಕಳಿಗೆ ಇಷ್ಟು ಭಾರ ಹೊರಲಾಗದು. ಸರ್ಕಾರಿ ಪ್ರೌಢಶಾಲೆಯ ಒಬ್ಬರೇ ಶಿಕ್ಷಕರು ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಲ್ಲವನ್ನೂ ಹೊರುವ ನಾಡಿನಲ್ಲಿ ಈ ಮಾತನ್ನು ಗೌರವದಿಂದ ಕೇಳಬೇಕು. ಆದರೆ ಇದಕ್ಕೆ ಬೇಕಾಗುವುದು ಎರಡು ಪೀರಿಯಡ್ಡು. ಎರಡು ತಂತಿಗಳಿಂದ ಆಯ್ದ ಒಂದೊಂದು ಪುಟವನ್ನು ಸರಳ ಕನ್ನಡದಲ್ಲಿ ಪಠ್ಯಪುಸ್ತಕ ಸಮಿತಿಯೇ ಒದಗಿಸಿದರೆ ಶಿಕ್ಷಕರು ಗ್ರಂಥಾಲಯ ಹುಡುಕಬೇಕಾಗಿಲ್ಲ. ಕೋಷ್ಟಕದ ನಾಲ್ಕು ಸಾಲು ಬಿಟ್ಟರೆ ಆ ಸಮಯ ಸಿಗುತ್ತದೆ. ಮಕ್ಕಳ ವಯಸ್ಸಿನ ಬಗ್ಗೆ ಹೇಳುವುದಾದರೆ, ಹದಿನೈದರ ಮಕ್ಕಳು ಒಂದೇ ಸುದ್ದಿಯ ಎರಡು ತದ್ವಿರುದ್ಧ ವಿಡಿಯೊಗಳನ್ನು ಮೊಬೈಲಿನಲ್ಲಿ ದಿನವೂ ನೋಡುತ್ತಿದ್ದಾರೆ. ಯಾರು ಹೇಳಿದ್ದು, ಯಾಕೆ ಹೇಳಿದ್ದು ಎಂದು ಕೇಳುವ ಅಭ್ಯಾಸವನ್ನು ಮುಂದೂಡುವಷ್ಟು ಪುರುಸೊತ್ತು ಅವರ ಬದುಕಿನಲ್ಲಿ ಇಲ್ಲ. ಎಂಬತ್ತು ವರ್ಷ ಹಿಂದಿನ ತಂತಿಗಳ ಮೇಲೆ ಆ ಅಭ್ಯಾಸ ಮಾಡಿಸುವುದರಲ್ಲಿ ಒಂದು ಅನುಕೂಲವೂ ಇದೆ. ಅಲ್ಲಿ ತರಗತಿಯ ಯಾರ ಮನೆಯ ರಾಜಕೀಯಕ್ಕೂ ನೋವಾಗುವುದಿಲ್ಲ, ವಾದ ವಾದವಾಗಿಯೇ ಉಳಿಯುತ್ತದೆ.

ಭಾರತದ ಮಕ್ಕಳಿಗೆ ಈ ಪಾಠದಲ್ಲಿ ಇನ್ನೊಂದು ಲಾಭವಿದೆ. ನಾವು ಅಲಿಪ್ತರಾಗಿದ್ದೆವು ಎಂಬ ಹೆಮ್ಮೆಯ ಸಾಲನ್ನು ನಮ್ಮ ಪುಸ್ತಕಗಳು ಕಲಿಸುತ್ತವೆ, ಆ ಹೆಮ್ಮೆಗೆ ಕಾರಣವೂ ಇದೆ. ಅದೇ ಅಳತೆಗೋಲನ್ನು ನಮಗೂ ಹಿಡಿಯಬೇಕು. 1956ರಲ್ಲಿ ಈಜಿಪ್ಟಿನ ಮೇಲೆ ದಾಳಿ ನಡೆದಾಗ ಭಾರತ ತಡಮಾಡದೆ ಖಂಡಿಸಿತು. ಹಂಗರಿಯಿಂದ ಸೋವಿಯತ್ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯ ನವೆಂಬರ್ 4ರಂದು ವಿಶ್ವಸಂಸ್ಥೆಯಲ್ಲಿ ಮತಕ್ಕೆ ಬಂದಾಗ ತಟಸ್ಥವಾಗಿ ಉಳಿಯಿತು. ಜಯಪ್ರಕಾಶ ನಾರಾಯಣರು ಆಗಲೇ ಇದನ್ನು ಬಹಿರಂಗವಾಗಿ ಟೀಕಿಸಿದರು. ನೆಹರೂ ಅವರಿಗೂ ತಮ್ಮ ಕಾರಣಗಳಿದ್ದವು. ಎರಡನ್ನೂ ವಿದ್ಯಾರ್ಥಿ ಓದಿ ತೂಗಿ ನೋಡಲಿ. ಕರ್ನಾಟಕದ ಮಕ್ಕಳಿಗೆ ಇನ್ನೂ ಹತ್ತಿರದ ಸಾಮಗ್ರಿಯಿದೆ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ತಯಾರಾದ, ಸುಮಾರು 360 ಕಿಲೊ ತೂಕದ ಆರ್ಯಭಟ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಪೂಸ್ತಿನ್ ಯಾರ್‌ನಿಂದ ಕಕ್ಷೆಗೆ ಏರಿಸಿತು. ಮೂರೂವರೆ ತಿಂಗಳು ಕಳೆಯುವುದರೊಳಗೆ, ಆಗಸ್ಟ್ 1ರಿಂದ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ತಲುಪಿಸತೊಡಗಿತು. ಅವುಗಳಲ್ಲಿ ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿದ್ದವು, ಬೆಳಗಿನ ಹೊತ್ತಿನಲ್ಲಿ ಶಾಲಾ ಮಕ್ಕಳಿಗೆಂದೇ ಪಾಠಗಳಿದ್ದವು. ಎರಡೂ ಮಹಾಶಕ್ತಿಗಳು ಒಂದೇ ವರ್ಷ ಒಂದೇ ದೇಶಕ್ಕೆ ಆಕಾಶದ ನೆರವು ಕೊಟ್ಟದ್ದೇಕೆ, ಅದನ್ನು ಭಾರತ ತನ್ನ ಅನುಕೂಲಕ್ಕೆ ಹೇಗೆ ಬಳಸಿಕೊಂಡಿತು ಎಂದು ಕಲಬುರಗಿಯ ವಿದ್ಯಾರ್ಥಿ ಊರಿನ ಹಿರಿಯರನ್ನೇ ಕೇಳಿ ಬರೆಯಬಹುದು.

ಈ ಒತ್ತಾಯಕ್ಕೆ ಇಂದಿನ ತುರ್ತೂ ಇದೆ. ತೀರ್ಪನ್ನು ಮೊದಲೇ ಬರೆದಿಡುವ ಪಾಠ ಮತ್ತೆ ಬರುತ್ತಿದೆ. ಫ್ಲಾರಿಡಾ 2022ರಲ್ಲಿ ನವೆಂಬರ್ 7ನ್ನು ಕಮ್ಯುನಿಸಂನ ಬಲಿಪಶುಗಳ ದಿನವೆಂದು ಗೊತ್ತುಮಾಡಿ, ಪ್ರೌಢಶಾಲೆಗಳಲ್ಲಿ ಆ ದಿನ ಕನಿಷ್ಠ 45 ನಿಮಿಷದ ಪಾಠವನ್ನು ಕಡ್ಡಾಯ ಮಾಡಿತು. 2024ರ ಕಾನೂನು ಕಮ್ಯುನಿಸಂನ ಇತಿಹಾಸದ ಪಾಠವನ್ನು ಕೆಳಗಿನ ತರಗತಿಗಳಿಗೂ ವಿಸ್ತರಿಸಿದೆ. ಬಲಿಯಾದವರನ್ನು ನೆನೆಯುವುದು ಸರಿಯಾದ ಕೆಲಸ. ಪ್ರಶ್ನೆಗೆ ಜಾಗವಿಡದೆ ನೆನೆಯುವುದು ಹಳೆಯ ತಪ್ಪಿನ ಹಾದಿ. ರಷ್ಯಾದಲ್ಲಿ 2023ರ ಸೆಪ್ಟೆಂಬರಿನಿಂದ ಮೆದಿನ್‌ಸ್ಕಿ ಮತ್ತು ತೊರ್ಕುನೊವ್ ಬರೆದ ಏಕರೂಪ ಪಠ್ಯಪುಸ್ತಕ ಹಿರಿಯ ತರಗತಿಗಳಿಗೆ ಬಂದಿದೆ, ಉಕ್ರೇನ್ ಮೇಲಿನ ಯುದ್ಧದ ಸಮರ್ಥನೆಯೂ ಅದರಲ್ಲಿ ಪಾಠವಾಗಿದೆ. ಅಮೆರಿಕ ಮತ್ತು ಚೀನಾದ ನಡುವೆ ಹೊಸ ಪೈಪೋಟಿ ಬೆಳೆಯುತ್ತಿರುವಾಗ, ಇಂದು ಹತ್ತನೆಯ ತರಗತಿಯಲ್ಲಿರುವವರು ನಾಳೆ ಮತ ಹಾಕುವವರು, ತೆರಿಗೆ ಕೊಡುವವರು, ಬೇಕಾದರೆ ಸೇನೆ ಸೇರುವವರು. ಎರಡು ಕಡೆಯಿಂದಲೂ ಅವರ ಕಿವಿಗೆ ದೊಡ್ಡ ಭರವಸೆಗಳು ಬೀಳುತ್ತವೆ. ಆದ್ದರಿಂದ ಸುಧಾರಣೆ ಪ್ರಶ್ನೆಪತ್ರಿಕೆಯಿಂದಲೇ ಆರಂಭವಾಗಲಿ, ಯಾಕೆಂದರೆ ನಮ್ಮಲ್ಲಿ ಪರೀಕ್ಷೆ ಕೇಳಿದ್ದನ್ನೇ ತರಗತಿ ಕಲಿಸುತ್ತದೆ. ‘ಶೀತಲ ಸಮರ ಎಂದರೇನು?’ ಎಂಬ ಪ್ರಶ್ನೆಯ ಜಾಗದಲ್ಲಿ ಕೆನನ್ ಅವರ ನಾಲ್ಕು ಸಾಲು, ನೊವಿಕೊವ್ ಅವರ ನಾಲ್ಕು ಸಾಲು ಕೊಟ್ಟು, ‘ಇವರಲ್ಲಿ ಯಾರ ವಾದವನ್ನು ನೀವು ಕಲಿತ ಯಾವ ಘಟನೆ ಬಲಪಡಿಸುತ್ತದೆ, ಯಾವುದು ದುರ್ಬಲಗೊಳಿಸುತ್ತದೆ? ಕಾರಣ ಕೊಡಿ’ ಎಂದು ಕೇಳಲಿ. ಅಂಕವನ್ನು ಪಕ್ಷಕ್ಕೆ ಕೊಡದೆ ಕಾರಣಕ್ಕೆ ಕೊಡಲಿ. ಒಂದೇ ಒಂದು ನಾಲ್ಕು ಅಂಕದ ಪ್ರಶ್ನೆ ಹೀಗೆ ಬದಲಾದರೆ, ರಾಜ್ಯದ ಎಲ್ಲ ಪ್ರೌಢಶಾಲೆಗಳ ಇತಿಹಾಸದ ತರಗತಿ ಆ ಒಂದು ಪ್ರಶ್ನೆಗಾಗಿ ಯೋಚಿಸಲು ತೊಡಗುತ್ತದೆ.